ಪೈಪ್ ಬಗ್ಗಿಸಿ ನೋಡಿ

ನಾನು ರಬ್ಬರ್ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆಂದು ತಿಳಿದದ್ದೇ ತಡ, ಕವೆಂಟ್ರಿಯ ನನ್ನ ಮನೆ ಮಾಲೀಕರು ಗ್ಯಾರೇಜಿಗೆ ಕರೆದೊಯ್ದರು. ಅಲ್ಲಿತ್ತು 1972ರ ಎಂಜಿಬಿ. 1,798 ಸಿಸಿ ಎಂಜಿನ್ನನ್ನು ಕೊರೆಸಿ 1,950 ಮಾಡಿಸಿದ್ದಾರೆ; ಎರಡು ಎಸ್‌ಯು ಕಾರ್ಬ್ಯುರೇಟರುಗಳನ್ನು ತೆಗೆದು ಒಂದು ವೆಬರ್ ಕೂರಿಸಿದ್ದಾರೆ. ಇನ್ನು ಜೋರಾದ ಪಂಪ್ ಬೇಕಂತೆ.

ಪಂಪಿನ ಒತ್ತಡ ಹೆಚ್ಚಿದರೆ ಉಪಯೋಗವಿಲ್ಲ. ಕಾರ್ಬ್ಯುರೇಟರಿಗೆ ಸಾಕಾಗುವುದು 3 ಪಿಎಸ್‌ಐ ಆಸುಪಾಸು. ಅದರೊಳಗಿರುವುದು ನಮ್ಮ ಮನೆಯ ಸಂಪಿನ ಫ್ಲೋಟ್ ವಾಲ್ವಿನಂಥದೇ ಒಂದು ಪುಟ್ಟ ಸೂಜಿ. ಒತ್ತಡ ಮೀರಿದರೆ ತಡೆಯಲಾರದು, ಪೆಟ್ರೋಲ್ ಉಕ್ಕುತ್ತದೆ. ದೊಡ್ಡ ಎಂಜಿನ್ ಕೇಳುವುದು ಹೆಚ್ಚು ಪೆಟ್ರೋಲನ್ನು, ಹೆಚ್ಚು ಒತ್ತಡವನ್ನಲ್ಲ. ಹೊಸ ಪಂಪ್ ಹಾಕಿದರೆ ಜೊತೆಗೊಂದು ರೆಗ್ಯುಲೇಟರೂ ಬೇಕು.

ನನಗೆ ಭಯವಿದ್ದದ್ದು ಪೈಪಿನದು. ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರೂ ಹೊಗೆ ಕೊಳವೆಯೂ ಒಂದೇ ಬದಿಗೆ, ಒಂದರ ಮೇಲೊಂದು. 2021ರ ಸೆಪ್ಟೆಂಬರಿನಿಂದ ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಅದನ್ನು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅಲ್ಲಿಂದ ಜಿನುಗುವ ಹನಿ ಬೀಳುವುದು ಕಾದ ಕಬ್ಬಿಣದ ಮೇಲೆ!

ಪೈಪ್ 'ಒರಿಜಿನಲ್' ಎಂದು ಮಾಲೀಕರಿಗೆ ಮೋಹ. (ಎಂಜಿನ್ ಕೊರೆಸುವಾಗ ಈ ಮೋಹ ಎಲ್ಲಿತ್ತೋ.) ಬಿಚ್ಚಿ ಅವರ ಕೈಗೇ ಕೊಟ್ಟು ಬಗ್ಗಿಸಲು ಹೇಳಿದೆ. ಮೈಯೆಲ್ಲ ಬಿರುಕು. ಮರುಮಾತಿಲ್ಲದೆ ಆರ್9 ದರ್ಜೆಯ ಪೈಪ್ ತರಿಸಿದರು. ಡಿಕ್ಕಿಯಾದರೆ ಪಂಪ್ ನಿಲ್ಲಿಸುವ ಇನರ್ಷಿಯಾ ಸ್ವಿಚ್ಚನ್ನೂ ತರಿಸಿದರು.

ಭಾರತದ ಬಂಕುಗಳಲ್ಲಿ ಈಗ ಇ20. ಮೈಸೂರಿನಲ್ಲೇ ತಯಾರಾದ ಅಪ್ಪನ ಯೆಜ್ಡಿಯ ಪೈಪನ್ನೂ ಒಮ್ಮೆ ಬಗ್ಗಿಸಿ ನೋಡಿ ಎಂದು ಫೋನಿನಲ್ಲಿ ಹೇಳಿ ಎರಡು ವಾರವಾಯಿತು. 'ಓಡ್ತಾ ಇದೆಯಲ್ಲೋ' ಅಂತಾರೆ.