ಘಟ್ಟ ಇಳಿಯುವ ಗಾಡಿಗೆ ಬೇಕಾದ ಮಾತು

ತಾಳವಾಡಿ ಸೀಮೆಯ ಬೆಳೆಗಾರರಾದ ನಾವು ದಿಂಬಂ ಘಟ್ಟ ಇಳಿಯದೆ ಬದುಕುವಂತಿಲ್ಲ. 1956ರಲ್ಲಿ ರಾಜ್ಯಗಳ ಎಲ್ಲೆ ಗೊತ್ತಾದಾಗ ನಮ್ಮ ಊರುಗಳು ಮದರಾಸು ರಾಜ್ಯದಲ್ಲೇ ಉಳಿದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲೂ ಮಂಡಿಯಲ್ಲೂ ತಮಿಳು ಎಂಬ ಬಾಳಿಗೆ ನಾವು ಒಗ್ಗಿಕೊಂಡೆವು. ಎಲೆಕೋಸು, ಆಲೂಗೆಡ್ಡೆ ತುಂಬಿದ ನಮ್ಮ ಪಿಕಪ್ ಗಾಡಿ ಹಾಸನೂರನ್ನು ದಾಟಿ, 27 ಕಡಿದಾದ ತಿರುವುಗಳನ್ನು ಇಳಿದು, ಬಣ್ಣಾರಿಯ ಮೂಲಕ ಸತ್ಯಮಂಗಲದ ಬಯಲನ್ನು ಸೇರಬೇಕು. ಹುಲಿ ಸಂರಕ್ಷಿತ ಅರಣ್ಯದ ಈ ಹಾದಿಯಲ್ಲಿ 2022ರಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ, ಹೊರಡುವ ಹೊತ್ತನ್ನೂ ಅದಕ್ಕೆ ಹೊಂದಿಸಿಕೊಂಡಿದ್ದೇವೆ.

ಒಮ್ಮೆ ತುಂಬು ಹೊರೆಯೊಡನೆ ಇಳಿಯುತ್ತಿದ್ದಾಗ, ಘಟ್ಟದ ಕೊನೆಯ ತಿರುವುಗಳಲ್ಲಿ ಬ್ರೇಕಿನ ಪೆಡಲು ಕಾಲಡಿಯಲ್ಲಿ ಹತ್ತಿಯಂತೆ ಮೆತ್ತಗಾಯಿತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದು, ಗಾಡಿಯನ್ನು ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿದೆವು. ಅರ್ಧ ಗಂಟೆ ಕಳೆದ ಮೇಲೆ ಪೆಡಲು ತಾನಾಗಿಯೇ ಗಟ್ಟಿಯಾಗಿತ್ತು. ಬಯಲಿನ ಒಂದು ವರ್ಕ್‌ಶಾಪಿನಲ್ಲಿ, ಬೆಲೆ ಮಾತನಾಡಲು ಸಾಕಾಗುವ ನಮ್ಮ ಮಂಡಿಯ ತಮಿಳಿನಲ್ಲಿ, ‘ಬ್ರೇಕ್ ಹಿಡಿಯಲಿಲ್ಲ’ ಎಂದೆವು. ಅವರು ಮುಂದಿನ ಪ್ಯಾಡುಗಳನ್ನು ಬದಲಿಸಿ ಕಳುಹಿಸಿದರು. ಎರಡು ಲೋಡು ಸಾಗಿಸುವಷ್ಟರಲ್ಲಿ ಅದೇ ತೊಂದರೆ ಮರುಕಳಿಸಿತು.

ನಮ್ಮೂರಿನ ಮೆಕ್ಯಾನಿಕ್ ತರುಣನು ಪಾನಾ ಮುಟ್ಟುವ ಮೊದಲು ಕೇಳಿದ್ದು ಇಷ್ಟು: “ಅಣ್ಣ, ಪೆಡ್ಲು ಮೆತ್ತಗಾಯ್ತಾ, ಕುಸುದೋಯ್ತಾ, ಇಲ್ಲಾ ಕಲ್ಲಾಯ್ತಾ? ಬೆಳಿಗ್ಗೆ ತಣ್ಣಗಿದ್ದಾಗ ಹೆಂಗದೆ?”

ಆ ಒಂದೊಂದು ಮಾತೂ ಒಂದೊಂದು ರೋಗದ ಹೆಸರೆಂದು ನಮಗೆ ಆಗ ತಿಳಿಯಿತು. ಪೆಡಲು ಮೆತ್ತಗಾದರೆ ಕೊಳವೆಯಲ್ಲಿ ಗಾಳಿಯೋ ಆವಿಯೋ ಸೇರಿದೆ. ಒತ್ತಿ ಹಿಡಿದಾಗ ಮೆಲ್ಲಮೆಲ್ಲನೆ ಕುಸಿದರೆ ಆಯಿಲು ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಸವೆದಿದೆ. ಕಲ್ಲಿನಂತಾದರೆ ಬೂಸ್ಟರನ್ನು ನೋಡಬೇಕು. ಗಾಡಿ ಒಂದು ಬದಿಗೆ ಎಳೆದರೆ ಎರಡು ಚಕ್ರಗಳ ಹಿಡಿತ ಸಮನಾಗಿಲ್ಲ.

ನಮ್ಮ ಗಾಡಿಯ ಪೆಡಲು ಕಾದಾಗ ಮೆತ್ತಗಾಗಿ, ತಣಿದಾಗ ಗಟ್ಟಿಯಾಗುತ್ತಿತ್ತು. ಬ್ರೇಕ್ ಆಯಿಲು ಕಾಲಕ್ರಮದಲ್ಲಿ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲು 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದ ಆಯಿಲು ಆವಿಯಾಗುತ್ತದೆ. ಕಾಲಿನ ಒತ್ತಡವೆಲ್ಲ ಆವಿಯನ್ನು ಅಮುಕುವುದರಲ್ಲೇ ಕಳೆದು, ಚಕ್ರವನ್ನು ಮುಟ್ಟುವುದಿಲ್ಲ. ಅಷ್ಟು ಕಾವು ಏರಲು ಇನ್ನೊಂದು ಕಾರಣವೂ ಇತ್ತು. ಹಿಂದಿನ ಡ್ರಮ್ಮುಗಳಲ್ಲಿ ಲೈನರ್ ಸವೆದು ಅಂತರ ಹೆಚ್ಚಾಗಿ, ಹೊರೆಯ ಭಾರವನ್ನೆಲ್ಲ ಮುಂದಿನ ಬ್ರೇಕುಗಳೇ ತಡೆಯುತ್ತಿದ್ದವು.

ಹೊಸ ಲೈನರ್ ಹಾಕಿ ಅಂತರವನ್ನು ಸರಿಪಡಿಸಿದ ಮೇಲೆ ಆಯಿಲನ್ನು ಬದಲಿಸುವ ಕೆಲಸ. ಅತಿ ದೂರದ ಚಕ್ರದಿಂದ ಆರಂಭಿಸಿ, ನಿಪ್ಪಲ್ಲಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ತುದಿಯನ್ನು ಸೀಸೆಯಲ್ಲಿಟ್ಟೆವು. ನಮ್ಮಲ್ಲೊಬ್ಬರು ಪೆಡಲು ಒತ್ತಿ ಹಿಡಿಯುವುದು, ಅವನು ನಿಪ್ಪಲ್ ಸಡಿಲಿಸುವುದು, ಬಿಗಿ ಮಾಡಿದ ಮೇಲಷ್ಟೇ ಪೆಡಲಿನಿಂದ ಕಾಲು ತೆಗೆಯುವುದು. ಮೇಲಿನ ಡಬ್ಬಿ ಬರಿದಾಗಿ ಗಾಳಿ ಹೊಗದಂತೆ ಆಗಾಗ ಹೊಸ ಆಯಿಲು ಸುರಿದೆವು. ಕಾಫಿ ಡಿಕಾಕ್ಷನ್ನಿನಂತಿದ್ದ ಹಳೆಯ ಆಯಿಲು ಹೋಗಿ, ತಿಳಿಯಾದದ್ದು ಗುಳ್ಳೆಯಿಲ್ಲದೆ ಬರುವವರೆಗೆ ನಾಲ್ಕೂ ಚಕ್ರಗಳಿಗೆ ಹೀಗೆಯೇ ಮಾಡಿದೆವು. ಅಂದಿನಿಂದ ಗಾಡಿ ಹೊರೆ ಹೊತ್ತು ಇಳಿಯುವಾಗಲೂ ಪೆಡಲು ಗಟ್ಟಿಯಾಗಿಯೇ ಇದೆ.

ಗಡಿಯಾಚೆಯ ಕನ್ನಡಿಗರ ಸಭೆಗಳಲ್ಲಿ ಭಾಷೆಯನ್ನು ಉಳಿಸುವ ಮಾತು ಬಂದಾಗ ನಾವು ಶಾಲೆಯನ್ನೂ ಪುಸ್ತಕವನ್ನೂ ನೆನೆಯುತ್ತೇವೆ. ಮೆತ್ತಗಾಗುವುದಕ್ಕೂ ಕುಸಿಯುವುದಕ್ಕೂ ಇರುವ ಭೇದವನ್ನು ಬಲ್ಲ ಕನ್ನಡವೂ ಉಳಿಯಬೇಕಾದದ್ದೇ. ಅದರ ಮೇಲೆ ಪ್ರಾಣ ನಿಂತಿದೆ. ಲಾರಿ ಓಡಿಸಿದ ನಮ್ಮ ದೊಡ್ಡಪ್ಪ ‘ಹತ್ತೋ ಗೇರಲ್ಲೇ ಇಳಿ’ ಎನ್ನುತ್ತಿದ್ದರು: ಎಂಜಿನ್ನೇ ವೇಗವನ್ನು ತಡೆದರೆ ಬ್ರೇಕು ಕಾಯುವುದು ಕಡಿಮೆ. ಗಾಡಿ ಕಲಿಯುತ್ತಿರುವ ನಮ್ಮ ಮಕ್ಕಳಿಗಾಗಿ ಇಂಥ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇವೆ. ಇತರ ಸೀಮೆಗಳ ಬಂಧುಗಳೂ ತಮ್ಮ ಕಸುಬಿನ ಮಾತುಗಳನ್ನು ಬರೆದು ತಂದರೆ, ಮುಂದಿನ ಸಮ್ಮೇಳನದಲ್ಲಿ ಎಲ್ಲವನ್ನೂ ಒಟ್ಟಿಗೆ ಕುಳಿತು ಓದಬಹುದು.