ಅರ್ಜಿಯಲ್ಲಿಲ್ಲದ ಕಾಲಂ

ಹೊಳೆನರಸೀಪುರದಲ್ಲಿ ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮುಗಿಸಿದಾಗ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ಪ್ರತಿಭಾ ಕಾರಂಜಿ ಸರ್ಟಿಫಿಕೇಟು ಡಾಕ್ಟರ್ ಸೀಟಿಗೆ ಬೇಕಾಗುತ್ತಾ?”

“ಇಲ್ಲಮ್ಮ. 720 ಅಂಕದ ನೀಟ್, ಅದರ ರ‍್ಯಾಂಕು ನೋಡ್ತಾರೆ. ಹಾಸನದ ಮೆಡಿಕಲ್ ಕಾಲೇಜಿಗೂ ಅಷ್ಟೇ” ಎಂದೆ.

ಮರುದಿನ ಅವಳು ಆಶುಭಾಷಣದಿಂದ ಹೆಸರು ತೆಗೆಸಿದ್ದಳು.

ನಾನು ಹೇಳಿದ್ದು ನಿಜ, ಆದರೆ ಅರ್ಧ. ಪಿಯುಸಿಯಲ್ಲಿ ನಾನೂ ಹೀಗೇ ಭಾಷಣ, ನಾಟಕ ಎಲ್ಲ ಬಿಟ್ಟೆ. ಎರಡು ಸಲ ನೀಟ್ ಬರೆದೂ ಸೀಟು ಸಿಗದೆ ಬಿ.ಎಸ್ಸಿ. ಸೇರಿದೆ. ಇಲ್ಲಿ ಮೊದಲ ಪಾಠವನ್ನು ಕರಿಹಲಗೆಗೇ ಹೇಳಿದೆ. “ಮಕ್ಕಳ ಮುಖ ನೋಡಿ” ಎಂದು ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು.

ಡಾಕ್ಟರೂ ರೋಗಿಯ ಮುಖ ನೋಡಿ ಮಾತಾಡಬೇಕಲ್ಲ! ಅದನ್ನೇ ಅವಳಿಗೆ ಹೇಳಿದೆ.

“ಅಪ್ಪನ್ನ ಕೇಳ್ತೀನಿ ಮಿಸ್” ಅಂದಳು. ಪಟ್ಟಿಯಲ್ಲಿ ಅವಳ ಜಾಗ ಇನ್ನೂ ಖಾಲಿಯಿದೆ.