ರೂಪಸಾಮ್ಯವೂ ಚಿಕಿತ್ಸಾಭೇದವೂ

ಶಹಾಬಾದಿಗೆ ಸಮೀಪದ ಭಂಕೂರದಲ್ಲಿ ಕಲ್ಲೇ ಜನರ ನಿತ್ಯದ ಒಡನಾಡಿ. ನೆಲಕ್ಕೆ ಹಾಸುವುದು ಕಲ್ಲು. ಅನೇಕರಿಗೆ ಅನ್ನವನ್ನೀಯುವುದೂ ಕಲ್ಲೇ. ಪದರಪದರವಾಗಿ ಬಿಚ್ಚುವ ಸುಣ್ಣಗಲ್ಲು ಮನೆಯ ಹಾಸುಗಲ್ಲಾದರೆ, ಅದೇ ಸೀಮೆಯ ಮತ್ತೊಂದು ಸುಣ್ಣಗಲ್ಲು ವಾಡಿಯಲ್ಲಿ ಸಿಮೆಂಟಾಗುತ್ತದೆ. ಮೇಲಿನ ಬಣ್ಣವನ್ನು ನೋಡಿ ಒಳಗಿನ ಗುಣವನ್ನು ಹೇಳಲಾಗದೆಂಬುದು ಅಲ್ಲಿಯ ಕೂಲಿಕಾರನಿಗೂ ತಿಳಿದ ಮಾತು. ಆದರೆ ತಿಳಿದ ಮಾತೇ ಕಷ್ಟಕಾಲದಲ್ಲಿ ಮರೆತುಹೋಗುವುದು ಲೋಕಸ್ವಭಾವವು.

ಅಂಥ ಊರಿನ ಒಂದು ಮನೆಯ ಮಗನಿಗೆ, ಮೂವತ್ತನಾಲ್ಕರ ಪ್ರಾಯದಲ್ಲಿ, ಒಂದು ಮುಂಜಾವಿನಲ್ಲಿ ಅಪಸ್ಮಾರವು ಬಂದಿತು. ಮಿದುಳಿನಲ್ಲಿ ಗಡ್ಡೆಯಿರುವುದು ತಿಳಿಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು ಕಾಣುವಷ್ಟನ್ನೆಲ್ಲ ತೆಗೆದರು. ಪಕ್ಕದ ಮಂಚದಲ್ಲಿದ್ದ ಐವತ್ತೆಂಟರ ಗೃಹಸ್ಥನಿಗೂ ಅಂಥದೇ ಗಡ್ಡೆ. ಸೂಕ್ಷ್ಮದರ್ಶಕದಲ್ಲಿ ಎರಡೂ ನಕ್ಷತ್ರಾಕಾರದ ಕೋಶಗಳಿಂದ ಹುಟ್ಟಿದ ಸೌಮ್ಯ ಗಡ್ಡೆಗಳಂತೆಯೇ ಕಂಡಿದ್ದುವು. ಆತನಿಗೆ ಆರು ವಾರ ವಿಕಿರಣವೆಂದೂ, ಅದರೊಡನೆ ದಿನವೂ ಗುಳಿಗೆಯೆಂದೂ ವಿಧಿಸಿದರು. ಯುವಕನಿಗಾದರೋ ಅಪಸ್ಮಾರದ ಮದ್ದನ್ನು ಮುಂದುವರಿಸಿ ಕೆಲವು ತಿಂಗಳಿಗೊಮ್ಮೆ ಬಂದು ತೋರಿಸಿರೆಂದರು.

ತಾಯಿಯ ಮನಸ್ಸು ಕುದಿಯಿತು. “ಎರಡೂ ಗಡ್ಡೀನೇ ಅಲ್ಲೇನ್ರಿ ಸಾಹೇಬ್ರ? ಅವರಿಗೆ ಕರೆಂಟು, ಗುಳಗಿ. ನಮ್ಮ ಹುಡುಗಗ ಬರೇ ಕಾಯ್ರಿ ಅಂತೀರಿ. ಬಡವರಂತ ಬಿಟ್ಟೀರೇನು?”

“ಬಿಟ್ಟಿಲ್ಲ ತಾಯಿ, ಗಡ್ಡೆಯ ಕುಲ ಬೇರೆ,” ಎಂದರು ವೈದ್ಯರು.

ಈ ಕುಲವೆಂಬುದೇನು? ಗಡ್ಡೆಯ ಕೋಶಗಳ ವಂಶವಾಹಿಗಳಲ್ಲಿ ಉಂಟಾದ ಮಾರ್ಪಾಡು. ಐಡಿಎಚ್ ಎಂಬ ವಂಶವಾಹಿಯ ವಿಕಾರವು ಇಂಥ ಗಡ್ಡೆಗಳಲ್ಲಿ 2008ರಲ್ಲಿ ಗೋಚರಿಸಿತು. ಈ ವಿಕಾರವುಳ್ಳ ಗಡ್ಡೆಯು ಸಾಮಾನ್ಯವಾಗಿ ಮಂದಗತಿಯದು. ಅದರೊಡನೆ ಒಂದನೆಯ ಹಾಗೂ ಹತ್ತೊಂಬತ್ತನೆಯ ವರ್ಣತಂತುಗಳ ಒಂದೊಂದು ತೋಳು ಲೋಪವಾಗಿದ್ದರೆ, ಔಷಧಕ್ಕೂ ವಿಕಿರಣಕ್ಕೂ ಹೆಚ್ಚು ಮಣಿಯುವ ಬೇರೊಂದು ಜಾತಿಯದು. ಐಡಿಎಚ್ ವಿಕಾರವಿಲ್ಲದೆ ಬೇರೆ ಕೆಲವು ಕ್ರೂರ ಚಿಹ್ನೆಗಳಿದ್ದರೆ, ನೋಟಕ್ಕೆ ಸೌಮ್ಯವಾಗಿದ್ದರೂ ಅದನ್ನು ಅತ್ಯುಗ್ರವಾದ ನಾಲ್ಕನೆಯ ದರ್ಜೆಯ ಗ್ಲಿಯೋಬ್ಲಾಸ್ಟೋಮವೆಂದೇ ಗಣಿಸತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣವು ವಿಧಿಸಿತು. ಪಕ್ಕದ ಮಂಚದ ಗೃಹಸ್ಥನದು ಇದು. ಆತನಿಗೆ ವಿಧಿಸಿದ ವಿಕಿರಣ ಹಾಗೂ ಟೆಮೊಜೊಲೊಮೈಡ್ ಗುಳಿಗೆಯ ಕ್ರಮವು 2005ರಿಂದ ರೂಢಿಯಲ್ಲಿರುವುದು. ಎಂಜಿಎಂಟಿ ಎಂಬ ವಂಶವಾಹಿಯು ಅಡಗಿದ್ದರೆ ಆ ಗುಳಿಗೆಯು ಹೆಚ್ಚು ಫಲಕಾರಿ, ಎಚ್ಚತ್ತಿದ್ದರೆ ಕಡಿಮೆ.

ಆದರೂ ವಂಶವಾಹಿಯೊಂದನ್ನೇ ನೋಡಿ ಚಿಕಿತ್ಸೆಯನ್ನು ಆರಿಸುವುದಲ್ಲ. ಶಸ್ತ್ರವೈದ್ಯ, ವಿಕಿರಣವೈದ್ಯ, ಔಷಧವೈದ್ಯ, ರೋಗಲಕ್ಷಣವನ್ನು ಸೂಕ್ಷ್ಮದರ್ಶಕದಲ್ಲಿ ಓದುವವರು, ಚಿತ್ರಗಳನ್ನು ಓದುವವರು, ಇವರೆಲ್ಲರೂ ಒಂದೆಡೆ ಕುಳಿತು ವಿಚಾರಿಸುತ್ತಾರೆ. ರೋಗಿಯ ವಯಸ್ಸೆಷ್ಟು? ಎಷ್ಟು ಗಡ್ಡೆ ಉಳಿದಿದೆ? ಅದು ಮಾತಿನ ನೆಲೆಗೆ ಹತ್ತಿರವೋ, ಕೈಕಾಲಿನ ಚಲನೆಯ ನೆಲೆಗೋ? ಮುಂದೆ ಬಹುಕಾಲ ಬಾಳಬೇಕಾದವನ ಮಿದುಳಿಗೆ ವಿಕಿರಣವನ್ನು ಇಂದೇ ಕೊಟ್ಟರೆ, ವರ್ಷಗಳ ಬಳಿಕ ಅವನ ಸ್ಮರಣಶಕ್ತಿಯು ಕುಂದದೇ? ಯುವಕನ ಪಾಲಿಗೆ ಕಾಯುವಿಕೆಯೂ ಚಿಕಿತ್ಸೆಯೆನಿಸಿದ್ದು ಈ ವಿಚಾರದಿಂದಲೇ. ಅಂಥವರಿಗೆ ವೊರಾಸಿಡೆನಿಬ್ ಎಂಬ ಹೊಸ ಗುಳಿಗೆಯೂ ಬಂದಿದೆ. 331 ಜನರ ಪರೀಕ್ಷೆಯ ಫಲವು 2023ರಲ್ಲಿ ಪ್ರಕಟವಾಯಿತು. ಗಡ್ಡೆ ಬೆಳೆಯದೆ ನಿಂತ ಮಧ್ಯಮ ಅವಧಿ ಹುಸಿಗುಳಿಗೆಯವರಲ್ಲಿ 11.1 ತಿಂಗಳು, ಇದನ್ನು ಸೇವಿಸಿದವರಲ್ಲಿ 27.7 ತಿಂಗಳು. 2024ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಅದು ರೋಗವನ್ನು ತಡೆಹಿಡಿಯುವುದೇ ಹೊರತು ನಿರ್ಮೂಲ ಮಾಡುವುದೆಂದು ಯಾರೂ ಹೇಳರು.

ಚರಕಾದಿಗಳು ಸಾಧ್ಯ, ಅಸಾಧ್ಯಗಳ ನಡುವೆ ಯಾಪ್ಯವೆಂಬ ಭೇದವನ್ನು ಹೇಳಿರುವರು. ಬೇರಿನಿಂದ ಹೋಗದೆ, ಆದರೆ ಪಥ್ಯೌಷಧಗಳಿಂದ ಹಿಡಿತದಲ್ಲಿ ನಿಲ್ಲುವ ರೋಗವದು. ಬೀಳಲಿರುವ ಮನೆಗೆ ಕಂಬವನ್ನು ಆನಿಸಿದಂತೆ ಅದರ ಚಿಕಿತ್ಸೆ. ಯಾವ ಮನೆಗೆ, ಯಾವಾಗ, ಯಾವ ಕಂಬವೆಂಬ ವಿವೇಕವೇ ಅಂದಿಗೂ ಇಂದಿಗೂ ವೈದ್ಯನ ವೈದ್ಯತ್ವವು.

ತಾಯಿಗೆ ಇಷ್ಟೆಲ್ಲವೂ ತಿಳಿಯಿತೆನ್ನಲಾಗದು. ಬಡತನದಿಂದ ಕೈಬಿಟ್ಟುದಲ್ಲವೆಂಬುದು ಮಾತ್ರ ಮನಸ್ಸಿಗೆ ನಾಟಿತು. ಹಿಂತಿರುಗುವ ರೈಲಿನಲ್ಲಿ ಮಗನು ನಿದ್ರಿಸುತ್ತಿದ್ದನು. ಮರಳಿ ತೋರಿಸಬೇಕಾದ ದಿನವನ್ನು ಬರೆದ ಚೀಟಿಯನ್ನು ಆಕೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಶಹಾಬಾದು ಬರುವವರೆಗೂ ಆ ಗಂಟಿನ ಮೇಲಿನ ಕೈಯನ್ನು ತೆಗೆಯಲಿಲ್ಲ.